ಯಾವ ಧ್ಯಾನ ನಿಮ್ಮನೇಲಿ ಉಳಿಯುತ್ತೆ? ವಿಪಶ್ಯನ, ಕ್ರಿಯಾ, ಹಾರ್ಟ್‌ಫುಲ್‌ನೆಸ್, ಜಪ, ಆ್ಯಪ್: ಆರಿಸ್ಕೊಳ್ಳೋ ಮುಂಚೆ ಓದಿ

"ಧ್ಯಾನ ಕಲೀಬೇಕು ಅನ್ಕೊಂಡಿದೀನಿ, ಯಾವ್ದು ಒಳ್ಳೇದು ಹೇಳಿ" ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದ್ಲು ತಿರುಗಿ ಕೇಳೋದು, ನಿಮ್ಮನೇಲಿ ಬೆಳಿಗ್ಗೆ ನಲ್ಲಿ ನೀರು ಎಷ್ಟೊತ್ತಿಗೆ ಬರುತ್ತೆ, ಮಕ್ಕಳ ಸ್ಕೂಲ್ ವ್ಯಾನ್ ಎಷ್ಟೊತ್ತಿಗೆ, ರಾತ್ರಿ ಎಲ್ಲರೂ ಮಲಗೋದು ಎಷ್ಟೊತ್ತಿಗೆ ಅಂತ. ಕೇಳಿದೋರಿಗೆ ಇದು ಸ್ವಲ್ಪ ವಿಚಿತ್ರ ಅನ್ಸುತ್ತೆ, ಅವ್ರು ಚಕ್ರ, ಕುಂಡಲಿನಿ, ಮನಶ್ಶಾಂತಿ ಅಂತ ಏನೋ ಕೇಳೋಕೆ ಬಂದಿರ್ತಾರೆ. ಆದ್ರೆ ಸುತ್ತಮುತ್ತ ಇಷ್ಟು ಜನ ಶಿಬಿರಕ್ಕೆ ಹೋಗಿ ಬಂದಿದ್ದನ್ನ, ಆಮೇಲೆ ಒಬ್ಬೊಬ್ಬರಾಗಿ ಕೈ ಬಿಟ್ಟಿದ್ದನ್ನ ನೋಡಿದ್ಮೇಲೆ ನಂಗೆ ಖಾತ್ರಿ ಆಗಿರೋದು ಏನಂದ್ರೆ, ಅವ್ರು ಕಲಿತ ವಿದ್ಯೇಲಿ ಏನೂ ಐಬು ಇರಲಿಲ್ಲ, ಆ ವಿದ್ಯೆ ಕೇಳೋ ಟೈಮು ಅವ್ರ ಮನೇಲಿ ಇರಲಿಲ್ಲ ಅಷ್ಟೆ.

ಶಿಬಿರದಲ್ಲಿ ಎಲ್ರೂ ಚೆನ್ನಾಗೇ ಕೂರ್ತಾರೆ. ಅಲ್ಲಿ ಬೆಲ್ ಹೊಡೆಯೋರು ಬೇರೆ, ಅಡುಗೆ ಮಾಡೋರು ಬೇರೆ, ಫೋನ್ ಲಾಕರಲ್ಲಿ ಇರುತ್ತೆ. ಮನೆಗೆ ಬಂದ್ಮೇಲೆ ಬೆಲ್ಲೂ ನಾವೇ ಹೊಡ್ಕೋಬೇಕು, ಉಪ್ಪಿಟ್ಟಿಗೂ ನಾವೇ ಇಡ್ಬೇಕು. ಹಂಗಾಗಿ ಇಲ್ಲಿ ಯಾವ ಗುರು ದೊಡ್ಡೋರು ಯಾವ ಮಾರ್ಗ ಶ್ರೇಷ್ಠ ಅನ್ನೋ ಚರ್ಚೆಗೆ ನಾನು ಹೋಗಲ್ಲ, ಒಂದು ಮಾಮೂಲಿ ಮನೇಲಿ ಸೋಮವಾರದಿಂದ ಶನಿವಾರದವರೆಗೆ ಯಾವ್ದು ನಮ್ಮಿಂದ ಎಷ್ಟು ಕೇಳುತ್ತೆ, ಯಾರಿಗೆ ಒಗ್ಗುತ್ತೆ ಅನ್ನೋದನ್ನ ಮಾತ್ರ ಹೇಳ್ತೀನಿ.

ಮೊದ್ಲು ಮನೆ ಗಡಿಯಾರ

ಒಂದು ಚೀಟಿ ತಗೊಂಡು ದಿನದಲ್ಲಿ ಯಾರೂ ನಿಮ್ಮನ್ನ ಕರೆಯದೇ ಇರೋ ಹೊತ್ತು ಯಾವ್ದು, ಅದು ಎಷ್ಟು ನಿಮಿಷ ಅಂತ ಬರೀರಿ. ಮುಂದಿನ ತಿಂಗಳಿಂದ ಬೇಗ ಏಳ್ತೀನಿ ಅನ್ನೋ ಲೆಕ್ಕ ಬೇಡ, ಈಗ ಏನಿದೆಯೋ ಅದು. ಡೇರಿಗೆ ಹಾಲು ಹಾಕೋ ಮನೇಲಿ ಬೆಳಿಗ್ಗೆ ಐದರಿಂದ ಏಳು ದನಗಳದ್ದು, ಅವ್ರಿಗೆ ಬ್ರಾಹ್ಮಿ ಮುಹೂರ್ತದ ಮಹಿಮೆ ಹೇಳಿ ಏನು ಪ್ರಯೋಜನ, ಆದ್ರೆ ಅದೇ ಮನೇಲಿ ಹತ್ತೂವರೆ ಹನ್ನೊಂದರ ಹೊತ್ತಿಗೆ ಎಲ್ಲ ತಣ್ಣಗಿರುತ್ತೆ. ಅಮೆರಿಕದ ಜೊತೆ ಕಾಲ್ ಇರೋ ಸಾಫ್ಟ್‌ವೇರ್‌ನೋರು ಮಲಗೋದೇ ಹನ್ನೆರಡಕ್ಕೆ, ಅವ್ರು ನಾಲ್ಕೂವರೆಗೆ ಎದ್ದು ಕೂತ್ರೆ ಕೂತಲ್ಲೇ ತೂಕಡಿಸ್ತಾರೆ, ಅದು ಧ್ಯಾನಾನೂ ಆಗಲ್ಲ ನಿದ್ದೇನೂ ಆಗಲ್ಲ. ನರ್ಸ್‌ಗಳು, ಪೊಲೀಸರು, ಬಸ್ ಓಡಿಸೋರು, ಇವ್ರಿಗೆ ಶಿಫ್ಟ್ ವಾರವಾರಕ್ಕೂ ಬದಲಾಗುತ್ತೆ, ಗಡಿಯಾರದ ಟೈಮಿಗೆ ಗಂಟು ಹಾಕೋಕೆ ಆಗೋದೇ ಇಲ್ಲ, ಅವ್ರು "ಸ್ನಾನ ಆದ ತಕ್ಷಣ" ಅಥವಾ "ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳ್ಕೊಂಡ ತಕ್ಷಣ" ಅಂತ ಒಂದು ಕೆಲಸಕ್ಕೆ ಗಂಟು ಹಾಕ್ಬೇಕು, ಅದೇ ನಿಲ್ಲುತ್ತೆ.

ಚೀಟೀಲಿ ಇನ್ನೊಂದು ಬರ್ಕೊಳ್ಳಿ, ಆ ಹೊತ್ತಲ್ಲಿ ನಿಮ್ಮ ಹೊಟ್ಟೆ ಖಾಲಿ ಇರುತ್ತಾ ತುಂಬಿರುತ್ತಾ. ಇದನ್ನ ಯಾರೂ ಕೇಳಲ್ಲ, ಆದ್ರೆ ಮುಂದೆ ಹೇಳೋ ಕೆಲವು ಪದ್ಧತಿಗಳಿಗೆ ಇದೇ ಮುಖ್ಯ ಆಗುತ್ತೆ. ಮತ್ತೆ, ನಿಮ್ಮೂರಲ್ಲಿ ವಾರಕ್ಕೊಂದ್ಸಲನಾದ್ರೂ ಸೇರಿ ಕೂರೋ ಜಾಗ ಎಷ್ಟು ದೂರ. ಬೆಂಗಳೂರಲ್ಲಿ ಎಲ್ಲಾ ಇದೆ ಅಂತೀವಿ, ಸರಿ, ಆದ್ರೆ ಕೆ.ಆರ್. ಪುರದಿಂದ ಕನಕಪುರ ರೋಡಿಗೆ ಪ್ರತಿ ಭಾನುವಾರ ಹೋಗೋಕಾಗುತ್ತಾ?

ವಿಪಶ್ಯನ: ದೊಡ್ಡದು ಕೊಡುತ್ತೆ, ದೊಡ್ಡದೇ ಕೇಳುತ್ತೆ

ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಜನ ಅತಿ ಹೆಚ್ಚು ಆಸೆಯಿಂದ ಹೋಗೋದೂ ಇಲ್ಲಿಗೆ, ಮನೆಗೆ ಬಂದ್ಮೇಲೆ ಅತಿ ಹೆಚ್ಚು ಕಷ್ಟಪಡೋದೂ ಇದರಲ್ಲೇ.

ಈಗ ನಾವು ವಿಪಶ್ಯನ ಅಂತ ಹೇಳೋದು ಹೆಚ್ಚಾಗಿ ಎಸ್.ಎನ್. ಗೋಯಂಕಾ ಅವ್ರ ಪರಂಪರೆಯ 10 ದಿನದ ಕೋರ್ಸು. ಬರ್ಮಾದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ ಮನೆತನದೋರು, ಅಲ್ಲಿ ಸಯಾಜಿ ಊ ಬಾ ಖಿನ್ ಅವ್ರ ಹತ್ರ ಕಲಿತು 1969ರಲ್ಲಿ ಭಾರತಕ್ಕೆ ಬಂದು ಕಲಿಸೋಕೆ ಶುರು ಮಾಡಿದ್ರು, 2013ರಲ್ಲಿ ತೀರ್ಕೊಂಡ್ರು, ಈಗ್ಲೂ ಕೋರ್ಸಲ್ಲಿ ಅವ್ರ ಧ್ವನಿ ರೆಕಾರ್ಡಿಂಗಲ್ಲೇ ಪಾಠ ನಡೆಯುತ್ತೆ. ಮುಖ್ಯ ಕೇಂದ್ರ ಮಹಾರಾಷ್ಟ್ರದ ಇಗತ್‌ಪುರಿಯ ಧಮ್ಮ ಗಿರಿ. ನಮ್ಮಲ್ಲಿ ಬೆಂಗಳೂರು ಹೊರಗೆ ತುಮಕೂರು ರಸ್ತೆ ಕಡೆ ಆಲೂರಲ್ಲಿ ಧಮ್ಮ ಪಫುಲ್ಲ ಇದೆ. ಫೀಸ್ ಇಲ್ಲ, ಊಟ ವಸತಿಗೂ ಇಲ್ಲ, ಹಿಂದೆ ಕೋರ್ಸ್ ಮುಗಿಸಿದೋರು ಕೊಟ್ಟ ದಾನದಲ್ಲೇ ಮುಂದಿನೋರಿಗೆ ನಡೆಯುತ್ತೆ, ಒಂದು ಕೋರ್ಸ್ ಪೂರ್ತಿ ಮಾಡದೋರಿಂದ ಅವ್ರು ದುಡ್ಡು ತಗೊಳ್ಳೋದೂ ಇಲ್ಲ.

ಬೆಳಿಗ್ಗೆ ನಾಲ್ಕಕ್ಕೆ ಬೆಲ್, ರಾತ್ರಿ ಒಂಬತ್ತೂವರೆಗೆ ಲೈಟ್ ಆಫ್, ಹನ್ನೊಂದಕ್ಕೆ ಊಟ, ಸಂಜೆ ಹೊಸಬರಿಗೆ ಟೀ ಮತ್ತೆ ಹಣ್ಣು ಅಷ್ಟೆ. ಮಾತಿಲ್ಲ, ಓದೋದಿಲ್ಲ, ಬರೆಯೋದಿಲ್ಲ. ಮೊದಲ ಮೂರು ದಿನ ಮೂಗಿನ ಹೊಳ್ಳೆ ಹತ್ರ ಉಸಿರು ನೋಡೋದು, ಅದು ಆನಾಪಾನ. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಮೇಲೆ ಏಳೋ ಸಂವೇದನೆಗಳನ್ನ, ಉರಿಯಾಗ್ಲಿ ಜೋಮಾಗ್ಲಿ ಕಡಿತವಾಗ್ಲಿ, ಬೇಕು ಬೇಡ ಅನ್ನದೆ ನೋಡ್ತಾ ಹೋಗೋದು. ಆವಾಗಿಂದ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈ ಕಾಲು ಅಲ್ಲಾಡಿಸದೆ, ಕಣ್ಣು ತೆರೆಯದೆ ಕೂರೋ ಅಧಿಷ್ಠಾನ ಇರುತ್ತೆ. ಆ ಗಂಟೆಯ ಕೊನೇ ಹದಿನೈದು ನಿಮಿಷ ಮಂಡಿ ಹತ್ತಿ ಉರಿಯುತ್ತಿದ್ರೂ ಮನಸ್ಸು ಅದರ ಪಕ್ಕದಲ್ಲಿ ಸುಮ್ನೆ ನಿಂತ್ಕೊಳ್ಳೋದನ್ನ ಕಲಿಯುತ್ತಲ್ಲ, ಅದನ್ನ ಯಾವ ವಿಡಿಯೋ ಕೂಡ ಕಲಿಸೋಕಾಗಲ್ಲ. ಕೋಪ ಬರೋ ಮುಂಚೆ ಎದೆ ಹತ್ರ ಬಿಸಿಯಾಗೋದು ಗೊತ್ತಾಗೋಕೆ ಶುರುವಾಗುತ್ತೆ, ಮಾತಾಡೋಕೆ ಮುಂಚೆ ಒಂದು ಕ್ಷಣ ಸಿಗುತ್ತೆ. ಸಂಸಾರ ಮಾಡೋರಿಗೆ ಅದು ಸಣ್ಣ ವಿಷಯ ಅಲ್ಲ.

ಈಗ ಮನೆ ವಿಷಯಕ್ಕೆ ಬರೋಣ. ಅವ್ರು ಹೇಳೋದು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಚಿಕ್ಕ ಮಕ್ಕಳಿರೋ ಮನೇಲಿ, ಅದರಲ್ಲೂ ಅಡುಗೆ ಮನೆ ಯಾರ ತಲೆ ಮೇಲಿದೆಯೋ ಅವ್ರಿಗೆ, ಎರಡು ಗಂಟೆ ಅಂದ್ರೆ ಇನ್ಯಾರೋ ಆ ಎರಡು ಗಂಟೆ ಕೆಲಸ ಹೊತ್ಕೋಬೇಕು ಅಂತ ಅರ್ಥ. ಗಂಡ ಕೋರ್ಸ್ ಮಾಡಿ ಬಂದು ರೂಮಿನ ಬಾಗಿಲು ಹಾಕ್ಕೊಂಡು ಕೂತು, ಹೆಂಡತಿ ಹೊರಗೆ ಮಕ್ಕಳಿಗೆ ತಲೆ ಬಾಚಿ ಡಬ್ಬಿ ಕಟ್ಟಿ ಓಡಾಡೋ ಮನೆಗಳನ್ನ ನಾನು ನೋಡಿದೀನಿ, ಅಲ್ಲಿ ಧ್ಯಾನದ ಮೇಲೇ ಎಲ್ರಿಗೂ ಬೇಜಾರು ಹುಟ್ಟುತ್ತೆ. ಆದ್ರಿಂದ ಹೋಗೋ ಮುಂಚೆ ಮನೇಲಿ ಕೂತು ಮಾತಾಡ್ಕೊಳ್ಳಿ, ಬೆಳಗಿನ ಗಂಟೆ ನಂದು ಸಂಜೆ ಗಂಟೆ ನಿಂದು ಅಂತಾನಾದ್ರೂ ಸರಿ. ಸಾಧ್ಯ ಆದ್ರೆ ಮನೇಲಿ ಇಬ್ರೂ ಕೋರ್ಸ್ ಮಾಡಿ, ಒಬ್ಬರಾದ್ಮೇಲೆ ಒಬ್ಬರು. ಇಬ್ರೂ ಮಾಡಿರೋ ಮನೆಗಳಲ್ಲಿ ಇದು ಎಷ್ಟು ಸಲೀಸಾಗಿ ನಿಲ್ಲುತ್ತೆ ಅಂದ್ರೆ ನೋಡೋಕೆ ಖುಷಿಯಾಗುತ್ತೆ.

ಇನ್ನೆರಡು ಮಾತು. ಈ ದಾರೀಲಿ ಬೇರೆ ಪದ್ಧತಿ ಬೆರೆಸಬೇಡಿ ಅಂತಾರೆ, ಕೋರ್ಸಿನ ದಿನಗಳಲ್ಲಂತೂ ಜಪ, ಪೂಜೆ, ದೀಪ, ದಾರ ಎಲ್ಲ ಪಕ್ಕಕ್ಕಿಡ್ಬೇಕು. ದಿನಾ ದೇವರ ಪೂಜೆ ಬಿಡದೇ ಇರೋರು ಇದನ್ನ ಮೊದ್ಲೇ ತಿಳ್ಕೊಂಡು ಹೋಗಿ, ಅಲ್ಲಿ ಹೋಗಿ ಮನಸ್ಸು ಕೊರೆಯೋದು ಬೇಡ. ಇನ್ನು, ಆನಾಪಾನ ಒಂದನ್ನೇ ಹತ್ತು ಹದಿನೈದು ನಿಮಿಷ ಕಲಿಸೋದು ಎಲ್ರಿಗೂ ತೆರೆದಿದೆ, ಮಕ್ಕಳಿಗೂ ಬೇರೆ ಕೋರ್ಸ್ ಮಾಡ್ತಾರೆ. ಹತ್ತು ದಿನ ರಜೆ ಸಿಗದೋರು ಅಲ್ಲಿಂದ ಶುರು ಮಾಡ್ಬಹುದು. ಹೊರದೇಶದಲ್ಲಿರೋ ನಮ್ಮೋರಿಗೆ ಒಂದು ಅನುಕೂಲ ಏನಂದ್ರೆ, ಮ್ಯಾಸಚೂಸೆಟ್ಸ್‌ನ ಧಮ್ಮ ಧರಾ ಆಗ್ಲಿ ಆಲೂರೇ ಆಗ್ಲಿ, ವೇಳಾಪಟ್ಟಿ, ಪಾಠ ಎಲ್ಲಾ ಒಂದೇ, ಊರು ಬದಲಾದ್ರೂ ಅಭ್ಯಾಸ ಬದಲಾಗಲ್ಲ.

ಉಸಿರಿನ ಕ್ರಿಯೆಗಳು: ಆರ್ಟ್ ಆಫ್ ಲಿವಿಂಗ್, ಈಶ

ಸುಮ್ನೆ ಕೂತ್ರೆ ತಲೆ ಇನ್ನೂ ಜೋರಾಗಿ ಓಡುತ್ತೆ ಅನ್ನೋರಿಗೆ ಇವು ಒಗ್ಗುತ್ತವೆ. ಮಾಡೋಕೆ ಕೈಗೆ ಏನೋ ಕೆಲಸ ಇರುತ್ತೆ, ಉಸಿರಿನ ವೇಗ ಹೆಚ್ಚು ಕಮ್ಮಿ ಮಾಡೋದು, ಲೆಕ್ಕ, ಕೈ ಎತ್ತಿಳಿಸೋದು, ಆಮೇಲೆ ಮನಸ್ಸು ತಾನೇ ಇಳಿಯುತ್ತೆ.

ಆರ್ಟ್ ಆಫ್ ಲಿವಿಂಗಲ್ಲಿ ಕಲಿಸೋ ಸುದರ್ಶನ ಕ್ರಿಯೆ ಬಂದಿದ್ದು ಶಿವಮೊಗ್ಗದಿಂದ ಅಂತ ಎಷ್ಟು ಜನಕ್ಕೆ ಗೊತ್ತೋ ಇಲ್ವೋ, 1982ರಲ್ಲಿ ಶ್ರೀ ಶ್ರೀ ರವಿಶಂಕರ್ ಅವ್ರು ಅಲ್ಲಿ ಹತ್ತು ದಿನ ಮೌನದಲ್ಲಿದ್ದಾಗ ಮೂಡಿತು ಅಂತ ಸಂಸ್ಥೆಯೋರು ಹೇಳ್ತಾರೆ. ಕೋರ್ಸಿಗೆ ಫೀಸ್ ಇದೆ, ಕೆಲವೇ ದಿನದ್ದು, ದಿನಕ್ಕೆ ಒಂದೆರಡು ಮೂರು ಗಂಟೆ, ಕೆಲಸಕ್ಕೆ ಹೋಗ್ತಾನೇ ಮಾಡ್ಬಹುದು. ಮನೇಲಿ ದಿನಾ ಮಾಡೋ ಭಾಗ ಪ್ರಾಣಾಯಾಮ, ಜೋರಾಗಿ ಉಸಿರಾಡೋ ಭಸ್ತ್ರಿಕ ಎಲ್ಲ ಸೇರಿ ಅರ್ಧ ಗಂಟೆ ಆಸುಪಾಸು. ಇದರ ದೊಡ್ಡ ಬಲ ಅಂದ್ರೆ ವಾರಕ್ಕೊಂದ್ಸಲದ ಫಾಲೋಅಪ್, ಒಟ್ಟಿಗೆ ಕೂತು ದೀರ್ಘ ಕ್ರಿಯೆ ಮಾಡ್ತಾರೆ, ಸಣ್ಣ ಊರುಗಳಲ್ಲೂ ಕಲ್ಯಾಣ ಮಂಟಪದಲ್ಲೋ ಯಾರದೋ ಮನೆ ಮಹಡಿ ಮೇಲೋ ನಡೀತಿರುತ್ತೆ. ವಾರವೆಲ್ಲಾ ಮಾಡದೋರೂ ಭಾನುವಾರ ಅಲ್ಲಿ ಹೋಗಿ ಕೂತ್ರೆ ಸೋಮವಾರದಿಂದ ಮತ್ತೆ ಹತ್ಕೊಳ್ಳುತ್ತೆ.

ಸದ್ಗುರು ಅವ್ರ ಈಶದಲ್ಲಿ ಎರಡು ಮಟ್ಟ ಇದೆ, ಇದನ್ನ ಬೇರೆ ಬೇರೆ ಮಾಡಿ ನೋಡಿ. ಈಶ ಕ್ರಿಯಾ ಉಚಿತ, ನೆಟ್ಟಲ್ಲೇ ಕಲೀಬಹುದು, ಹನ್ನೆರಡರಿಂದ ಹದಿನೆಂಟು ನಿಮಿಷ. ಉಸಿರಿನ ಜೊತೆ ನಾನು ಈ ದೇಹ ಅಲ್ಲ, ಈ ಮನಸ್ಸೂ ಅಲ್ಲ ಅನ್ನೋ ಭಾವ, ಆಮೇಲೆ ಏಳು ಸಲ ಉದ್ದಕ್ಕೆ ಆ ಅನ್ನೋ ಶಬ್ದ, ಆಮೇಲೆ ಸುಮ್ನೆ ಕೂರೋದು. ದಿನಕ್ಕೆರಡು ಸಲ 48 ದಿನ, ಅಥವಾ ದಿನಕ್ಕೊಂದು ಸಲ 90 ದಿನ ಅಂತ ಹೇಳ್ತಾರೆ. ಈ 48 ದಿನದ ಮಂಡಲದ ಲೆಕ್ಕ ನಮ್ಮ ಜನಕ್ಕೆ ಸುಲಭವಾಗಿ ಹಿಡಿಯುತ್ತೆ, ಮಾಲೆ ಹಾಕಿ ವ್ರತ ಮಾಡಿದ ಮನೆಗಳಲ್ಲಿ ಇದರ ಅಭ್ಯಾಸ ಇದ್ದೇ ಇದೆ. ಶಾಂಭವಿ ಮಹಾಮುದ್ರೆ ಬೇರೆ, ಅದಕ್ಕೆ ಫೀಸ್ ಕಟ್ಟಿ ಕೋರ್ಸ್ ಮಾಡಿ ದೀಕ್ಷೆ ತಗೋಬೇಕು, 21 ನಿಮಿಷದ ಕ್ರಿಯೆ ಅಂತಾರೆ, ಆದ್ರೆ ಮೊದ್ಲು ಮಾಡೋ ಆಸನಗಳನ್ನೂ ಸೇರಿಸಿ ಟೈಮ್ ಎತ್ತಿಡಿ. ಚಿಕ್ಕಬಳ್ಳಾಪುರದ 112 ಅಡಿ ಆದಿಯೋಗಿ ನೋಡಿ ಬಂದು ಆ ಹುಮ್ಮಸ್ಸಲ್ಲೇ ಕೋರ್ಸಿಗೆ ಸೇರೋರು ಇದ್ದಾರೆ, ತಪ್ಪೇನಿಲ್ಲ, ಮೊದಲು ಉಚಿತದ್ದನ್ನ ಒಂದು ಮಂಡಲ ಮಾಡಿ ನೋಡಿ ಆಮೇಲೆ ದುಡ್ಡು ಕಟ್ಟಿ ಅನ್ನೋದು ನನ್ನ ಮಾತು.

ಈಗ ಚೀಟಿ ತೆಗೀರಿ. ಈ ಕ್ರಿಯೆಗಳಿಗೆಲ್ಲ ಹೊಟ್ಟೆ ಖಾಲಿ ಅಥವಾ ಹಗುರ ಇರ್ಬೇಕು. ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಕುಡೀದೆ ತಲೆನೋವು ಬರೋರು, ಸಂಜೆ ಆಫೀಸಿಂದ ಬರ್ತಾ ಬೋಂಡ ತಿಂದೇ ಬರೋರು, ಶುಗರ್ ಇದ್ದು ಹೊತ್ತಿಗೆ ಸರಿಯಾಗಿ ತಿನ್ನಲೇಬೇಕಾದೋರು, ಇವ್ರ ದಿನದಲ್ಲಿ ಖಾಲಿ ಹೊಟ್ಟೆಯ ಅರ್ಧ ಗಂಟೆ ಹುಡುಕೋದೇ ಕಷ್ಟ. ಉಸಿರು, ಮೈ ನೋಡೋ ಧ್ಯಾನಕ್ಕೆ, ಜಪಕ್ಕೆ ಇಷ್ಟು ಬಿಗಿ ಇಲ್ಲ. ಬಿ.ಪಿ. ಜಾಸ್ತಿ ಇರೋರು, ಬಸುರಿಯರು, ಆಪರೇಷನ್ ಆಗಿರೋರು ಜೋರು ಉಸಿರಾಟ ಮಾಡೋ ಮುಂಚೆ ಟೀಚರಿಗೆ ಹೇಳ್ಲೇಬೇಕು, ಡಾಕ್ಟರಿಗೂ ಕೇಳ್ಬೇಕು.

ಜನ ಕೈ ಹಿಡ್ಕೊಂಡು ಕೂರಿಸೋ ಕಡೆಗಳು

ಕೆಲವರಿಗೆ ಪದ್ಧತಿಗಿಂತ ಹೆಚ್ಚಾಗಿ ಮನುಷ್ಯರು ಬೇಕು, "ಯಾಕ್ರೀ ಈ ವಾರ ಬರ್ಲಿಲ್ಲ" ಅಂತ ಕೇಳೋರು. ನಿಮ್ಮ ಸ್ವಭಾವ ಹಂಗಿದ್ರೆ ಇದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ.

ಹಾರ್ಟ್‌ಫುಲ್‌ನೆಸ್, ಹಳಬರು ಸಹಜ ಮಾರ್ಗ ಅಂತಾರೆ, ಪೂರ್ತಿ ಉಚಿತ. ಟ್ರೇನರ್ ಒಬ್ರ ಎದುರು ಮೂರು ಸಲ ಕೂರೋದ್ರಿಂದ ಶುರು. ಬೆಳಿಗ್ಗೆ ಹೃದಯದಲ್ಲಿ ಬೆಳಕಿದೆ ಅನ್ನೋ ಭಾವದಲ್ಲಿ ಧ್ಯಾನ, ಸಂಜೆ ದಿನದ ಜಂಜಾಟ ಎಲ್ಲ ಬೆನ್ನಿನ ಕಡೆಯಿಂದ ಹೊರಗೆ ಹೋಗ್ತಿದೆ ಅನ್ನೋ ಶುದ್ಧೀಕರಣ, ರಾತ್ರಿ ಮಲಗೋ ಮುಂಚೆ ಚಿಕ್ಕ ಪ್ರಾರ್ಥನೆ. ಮೂರು ಹೊತ್ತಿಗೂ ಒಂದೊಂದು ಹಂಚಿರೋದ್ರಿಂದ ಒಂದು ತಪ್ಪಿದ್ರೂ ಇನ್ನೊಂದು ಉಳಿಯುತ್ತೆ, ಇದು ನಂಗೆ ತುಂಬಾ ಹಿಡಿಸಿದ ಅಂಶ. ಭಾನುವಾರ ಸತ್ಸಂಗ ಇರುತ್ತೆ, ಊರಲ್ಲಿ ಟ್ರೇನರ್ ಇಲ್ದಿದ್ರೆ ಆ್ಯಪ್ ಮೂಲಕ ದೂರದಿಂದಲೇ ಸಿಟ್ಟಿಂಗ್ ಕೊಡ್ತಾರೆ. ಹೈದರಾಬಾದ್ ಹತ್ರದ ಕಾನ್ಹಾ ಶಾಂತಿವನ ಇವ್ರ ಮುಖ್ಯ ಕೇಂದ್ರ. ಬೆಳಕು, ಹೃದಯ ಅನ್ನೋ ಕಲ್ಪನೆ ಹಿಡಿಯದೇ ಇರೋರಿಗೆ ಇದು ಒಗ್ಗಲ್ಲ, ಒಗ್ಗಿದೋರಿಗೆ ಮಾತ್ರ ವರ್ಷಾನುಗಟ್ಟಲೆ ನಿಲ್ಲುತ್ತೆ.

ಬ್ರಹ್ಮಕುಮಾರಿಯರ ರಾಜಯೋಗ ತಾಲೂಕು ಕೇಂದ್ರಗಳಲ್ಲೂ ಸಿಗುತ್ತೆ. ಏಳು ದಿನದ ಕೋರ್ಸ್, ದಿನಕ್ಕೆ ಒಂದು ಗಂಟೆ, ಫೀಸ್ ಇಲ್ಲ. ಕಣ್ಣು ಬಿಟ್ಕೊಂಡೇ ಧ್ಯಾನ, ಕಣ್ಣು ಮುಚ್ಚಿದ್ರೆ ನಿದ್ದೆ ಬರೋರಿಗೆ ಇದು ನಿಜವಾಗ್ಲೂ ಉಪಯೋಗ. ನಡೆಸೋರು ಹೆಚ್ಚಾಗಿ ಹೆಣ್ಣುಮಕ್ಕಳು, ಹಂಗಾಗಿ ಒಬ್ಬರೇ ಹೋಗೋಕೆ ಹಿಂಜರಿಯೋ ಹೆಂಗಸರು ಇಲ್ಲಿಗೆ ಧೈರ್ಯವಾಗಿ ಹೋಗ್ತಾರೆ. ದಿನದ ಮಧ್ಯೆ ನಿಗದಿ ಹೊತ್ತಿಗೆ ಒಂದೆರಡು ನಿಮಿಷ ಮಾಡ್ತಿರೋ ಕೆಲಸ ನಿಲ್ಲಿಸಿ ಮೌನವಾಗೋ ಪದ್ಧತಿ ಇವ್ರಲ್ಲಿದೆ, ಟ್ರಾಫಿಕ್ ಕಂಟ್ರೋಲ್ ಅಂತಾರೆ, ನೀವು ಯಾವ ಧ್ಯಾನ ಮಾಡಿದ್ರೂ ಇದನ್ನ ಎತ್ಕೊಳ್ಳಿ. ಪೂರ್ತಿ ಒಳಗೆ ಹೋದೋರಿಗೆ ಬೆಳಗಿನ ಮುರಳಿ (ದಿನಾ ಓದಿ ಹೇಳೋ ಪ್ರವಚನ), ಆಹಾರ, ಬ್ರಹ್ಮಚರ್ಯ ಅಂತ ಜೀವನಶೈಲೀಲೇ ನೇಮ ಇರುತ್ತೆ, ಗಂಡ ಹೆಂಡಿರಲ್ಲಿ ಒಬ್ರು ಮಾತ್ರ ಹೋಗೋದಾದ್ರೆ ಅದನ್ನ ಮೊದ್ಲೇ ಮಾತಾಡಿಕೊಳ್ಳೋದು ಒಳ್ಳೇದು.

ಕನಕಪುರ ರಸ್ತೆ ಕಡೆಯ ಪಿರಮಿಡ್ ವ್ಯಾಲಿ ಹೆಸರು ಕೇಳಿರ್ತೀರಿ. ಕೈ ಕೂಡಿಸಿ ಕಾಲು ಮಡಚಿ ಉಸಿರು ನೋಡೋದು, ವಯಸ್ಸೆಷ್ಟೋ ಅಷ್ಟು ನಿಮಿಷ. ಸರಳ, ಉಚಿತ. ಇಪ್ಪತ್ತರ ಹುಡುಗರಿಗೆ ಇಪ್ಪತ್ತೇ ನಿಮಿಷ ಅನ್ನೋದು ಹಿತವಾಗಿರುತ್ತೆ, ಅರವತ್ತರವರಿಗೆ ಒಂದು ಗಂಟೆ ಕೂರೋಕೆ ಮಂಡಿ ಬಿಡ್ಬೇಕು.

ಜಪ ಮತ್ತೆ ಮನೇಲಿ ಆಗ್ಲೇ ಇರೋದು

ಹೊಸದು ಹುಡುಕೋ ಮುಂಚೆ ಮನೇಲಿ ಏನಿದೆ ನೋಡಿ ಅಂತ ನಾನು ಕೈ ಮುಗಿದು ಕೇಳ್ಕೊಳ್ಳೋದು. ನಮ್ಮತ್ತೆ ಯಾವ ಕೋರ್ಸೂ ಮಾಡಿದೋರಲ್ಲ. ಸ್ನಾನ ಮಾಡಿ ಒದ್ದೆ ತಲೆಗೆ ಟವಲ್ ಕಟ್ಕೊಂಡು ದೇವರ ಮನೆ ಬಾಗಿಲ ಪಕ್ಕ ಮಣೆ ಹಾಕ್ಕೊಂಡು ಕೂತ್ರೆ ಬಲಗೈ ಜಪದ ಚೀಲದೊಳಗೆ, ತುಟಿ ಅಲ್ಲಾಡೋದೂ ಗೊತ್ತಾಗಲ್ಲ. ಒಳಗೆ ಕುಕ್ಕರ್ ಮೂರನೇ ಸಲ ಕೂಗಿದ ತಕ್ಷಣ ಎಡಗೈ ಒಂದು ಬೆರಳು ಮೇಲೇಳುತ್ತೆ, ಒಲೆ ಆರಿಸಿ ಅಂತ, ಕಣ್ಣು ತೆಗೆಯಲ್ಲ, ಮಣಿ ನಿಲ್ಲಲ್ಲ. ಮನೆ ಗದ್ದಲದ ಮಧ್ಯೆನೇ ಹುಟ್ಟಿ ಅಲ್ಲೇ ಬೆಳೆದ ಅಭ್ಯಾಸ ಅದು, ಮೌನ ಬೇಕು ಎ.ಸಿ. ಹಾಲ್ ಬೇಕು ಅಂತ ಯಾವತ್ತೂ ಕೇಳಲ್ಲ.

108 ಮಣಿಯ ಒಂದು ಸರ, ಚಿಕ್ಕ ಮಂತ್ರ ಆದ್ರೆ, ಐದಾರು ನಿಮಿಷ. ಐದು ಸರ ಅಂದ್ರೆ ಅರ್ಧ ಗಂಟೆ. ಟೈಮರ್ ಬೇಡ, ಬೆರಳಿಗೇ ಲೆಕ್ಕ ಗೊತ್ತು. ಬಸ್ಸಲ್ಲಿ, ಮೆಟ್ರೋದಲ್ಲಿ, ಆಸ್ಪತ್ರೆ ಬೆಂಚಿನ ಮೇಲೆ ಮಾಡ್ಬಹುದು, ಗಾಡಿ ಓಡಿಸ್ತಾ ಮಾತ್ರ ಬೇಡ. ಕಷ್ಟ ಏನಂದ್ರೆ ಬಾಯಿ ತಾನೇ ಹೇಳ್ತಾ ಇರುತ್ತೆ, ಮನಸ್ಸು ಇಎಂಐ ಲೆಕ್ಕ ಹಾಕ್ತಾ ಇರುತ್ತೆ, ಅದಕ್ಕೆ ಪ್ರತಿ ಮಣಿಗೂ ಬೆರಳಿನ ಸ್ಪರ್ಶ ಗಮನಿಸೋದು ಒಂದು ಉಪಾಯ. ಇಸ್ಕಾನ್‌ನೋರ ಹಂಗೆ 16 ಸುತ್ತು ಹಿಡಿದ್ರೆ ಅದೂ ಎರಡು ಗಂಟೆ ಆಸುಪಾಸಿನ ಕೆಲಸ, ವಿಪಶ್ಯನಕ್ಕೆ ಹೇಳಿದ ಮಾತೆಲ್ಲ ಅದಕ್ಕೂ ಅನ್ವಯ.

ಲಿಂಗಾಯತರ ಮನೇಲಿ ಇಷ್ಟಲಿಂಗ ಪೂಜೆ ಇದೆ. ವಿಭೂತಿ ಹಚ್ಕೊಂಡು ಎಡ ಅಂಗೈ ಮೇಲೆ ಲಿಂಗ ಇಟ್ಕೊಂಡು ಅದರ ಹೊಳಪಿನಲ್ಲೇ ದೃಷ್ಟಿ ನಿಲ್ಲಿಸಿ ಕೂರೋದು, ಇದಕ್ಕಿಂತ ಏಕಾಗ್ರತೆಯ ಸಾಧನೆ ಬೇರೆ ಬೇಕಾ? ದೀಕ್ಷೆ ಆಗಿದ್ದೂ ಎರಡು ನಿಮಿಷಕ್ಕೆ ಮುಗಿಸಿ ಎದ್ದು ಬಿಡ್ತಾರೆ, ಆಮೇಲೆ ಶಾಂತಿಗೆ ಅಂತ ಆ್ಯಪ್ ಡೌನ್‌ಲೋಡ್ ಮಾಡ್ತಾರೆ. ಅದನ್ನೇ ಹದಿನೈದು ನಿಮಿಷಕ್ಕೆ ಹಿಗ್ಗಿಸಿದ್ರೆ ಸಾಕು. ಸಂಧ್ಯಾವಂದನೆ ಮಾಡೋರಿಗೂ ಇದೇ ಮಾತು, ಗಾಯತ್ರಿ ಜಪದ ಭಾಗವನ್ನ ಅವಸರ ಮಾಡದೆ ಮಾಡಿ.

ಮಹರ್ಷಿ ಮಹೇಶ್ ಯೋಗಿಯವ್ರ ಭಾವಾತೀತ ಧ್ಯಾನವೂ ಮಂತ್ರದ್ದೇ. ಟೀಚರ್ ಒಬ್ಬೊಬ್ಬರಿಗೆ ಬೇರೆಯಾಗಿ ಮಂತ್ರ ಕೊಡ್ತಾರೆ, ಕುರ್ಚಿ ಮೇಲೆ ಆರಾಮಾಗಿ 20 ನಿಮಿಷ, ದಿನಕ್ಕೆರಡು ಸಲ. ಫೀಸ್ ಇದೆ. ಅದೇ ಟೀಚರ್ ಹತ್ರ ಮತ್ತೆ ಹೋಗಿ ಚೆಕ್ ಮಾಡಿಸ್ಕೊಳ್ಳೋ ಅನುಕೂಲ ನಿಮ್ಮೂರಲ್ಲಿ ಇದ್ರೆ ಮಾತ್ರ ಯೋಚಿಸಿ.

ಆ್ಯಪ್ ಸಾಕಾಗಲ್ವಾ?

ಶುರು ಮಾಡೋಕೆ ಸಾಕು. ಇನ್‌ಸೈಟ್ ಟೈಮರ್ ಥರದ್ದರಲ್ಲಿ ದುಡ್ಡು ಕೊಡದೆ ಬರೀ ಘಂಟೆ ಶಬ್ದದ ಟೈಮರ್ ಸಿಗುತ್ತೆ, ಹೆಡ್‌ಸ್ಪೇಸ್, ಕಾಮ್ ಇವೆಲ್ಲ ಚಂದಾದವು, ಮಾತಾಡಿಸೋದು ಹೆಚ್ಚಾಗಿ ಇಂಗ್ಲಿಷಲ್ಲೇ. ಅಪ್ಪ ಅಮ್ಮನಿಗೆ ಕಲಿಸ್ಬೇಕು ಅಂದ್ರೆ ಇಂಗ್ಲಿಷಿನ ಆ ನಾಜೂಕು ಧ್ವನಿ ಕೆಲಸಕ್ಕೆ ಬರಲ್ಲ, ಕನ್ನಡದಲ್ಲಿ ಹೇಳಿಕೊಡೋ ಮನುಷ್ಯರೇ ಬೇಕು. ಇನ್ನೊಂದು ತೊಂದ್ರೆ ಆ್ಯಪ್ ಇರೋದು ಫೋನಲ್ಲಿ, ಫೋನಲ್ಲಿ ವಾಟ್ಸಾಪೂ ಇದೆ. ಫ್ಲೈಟ್ ಮೋಡ್ ಹಾಕಿ, ಪರದೆ ಕೆಳಗೆ ಮಾಡಿ ಇಡಿ. ಯಾರೋ ಮಾತಾಡ್ತಾ ನಡೆಸೋ ಧ್ಯಾನದಿಂದ ಬರೀ ಘಂಟೆ ಟೈಮರಿಗೆ ನಿಧಾನವಾಗಿ ಬನ್ನಿ, ಇಲ್ದಿದ್ರೆ ನೆಟ್ ಇಲ್ಲದ ದಿನ ಧ್ಯಾನಾನೂ ಇರಲ್ಲ.

ಬೆಳಿಗ್ಗೆನಾ ಸಂಜೆನಾ, ಉದ್ದಕ್ಕೆನಾ ತುಂಡುತುಂಡಾ

ಬೆಳಿಗ್ಗೆ ಮೊದಲ ಕೆಲಸ ಧ್ಯಾನ ಆದ್ರೆ ಅದು ತಪ್ಪೋದು ಕಮ್ಮಿ, ಸಂಜೆಗೆ ನೂರು ನೆವ ಇರುತ್ತೆ, ನೆಂಟರು, ಟ್ರಾಫಿಕ್, ಹೋಂವರ್ಕ್. ಹಾಗಂತ ಬೆಳಿಗ್ಗೆ ಆಗದೋರು ಬೇಜಾರಾಗಬೇಕಿಲ್ಲ, ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು ಸೋಫಾ ಮೇಲೆ ಕೂರೋ ಮುಂಚೆ ಕೂತುಬಿಡಿ, ಒಂದ್ಸಲ ಸೋಫಾಗೆ ಒರಗಿದ್ರೆ ಆ ದಿನ ಮುಗೀತು. ಊಟ ಆದ ತಕ್ಷಣ ಬೇಡ.

ದಿನಕ್ಕೆ ಒಂದ್ಸಲ ನಲವತ್ತು ನಿಮಿಷ ಒಳ್ಳೇದಾ, ಎರಡು ಸಲ ಇಪ್ಪತ್ತಾ? ಆಳ ಬೇಕು ಅಂದ್ರೆ ನಲವತ್ತು, ಯಾಕಂದ್ರೆ ಮೊದಲ ಹತ್ತು ಹದಿನೈದು ನಿಮಿಷ ಮನಸ್ಸಿನ ಕಸ ಏಳೋದ್ರಲ್ಲೇ ಹೋಗುತ್ತೆ. ರೂಢಿ ಬೇಕು ಅಂದ್ರೆ ಎರಡು ಇಪ್ಪತ್ತು. ಮೊದಲ ವರ್ಷ ರೂಢಿ ಕಡೆ ಹೋಗಿ ಅಂತ ನಾನು ಹೇಳ್ತೀನಿ.

ರೂಢಿ ಬಗ್ಗೆ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನೋರು 96 ಜನರ ಮೇಲೆ ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟ ಆಗಿದೆ. ಹೊಸ ಅಭ್ಯಾಸ ಒಂದು ತಾನಾಗೇ ನಡೆಯೋ ಮಟ್ಟಕ್ಕೆ ಬರೋಕೆ ಸರಾಸರಿ 66 ದಿನ, ಆದ್ರೆ ಕೆಲವರಿಗೆ 18, ಕೆಲವರಿಗೆ 254 ದಿನದವರೆಗೂ ಅಂತ ಅವ್ರ ಲೆಕ್ಕ. ಅದಕ್ಕಿಂತ ಮುಖ್ಯ, ಮಧ್ಯೆ ಒಂದು ದಿನ ನಾಗಾ ಆದ್ರೆ ರೂಢಿಗೆ ಹೇಳ್ಕೊಳ್ಳೋ ಅಂಥ ಪೆಟ್ಟು ಬೀಳಲ್ಲ ಅಂತ ಕಂಡಿದ್ದು. ನಮ್ಮಲ್ಲಿ ಒಂದು ದಿನ ತಪ್ಪಿದ ತಕ್ಷಣ "ಹೋಯ್ತು ಬಿಡು, ಮುಂದಿನ ಸೋಮವಾರದಿಂದ ಹೊಸದಾಗಿ" ಅಂತಾರೆ, ಆ ಸೋಮವಾರ ಯುಗಾದಿಗೆ ಹೋಗುತ್ತೆ, ಯುಗಾದಿ ದಸರಾಗೆ. ತಪ್ಪಿದ್ರೆ ಮಾರನೇ ದಿನ ಐದೇ ನಿಮಿಷ ಆದ್ರೂ ಕೂತ್ಕೊಳ್ಳಿ. ಮನೇಲಿ ಮದುವೆ, ಜ್ವರ, ಸಾವು ನೋವು ಇದ್ದಾಗ ಮಾಡೋಕೆ ಅಂತಾನೇ ಒಂದು ಐದು ನಿಮಿಷದ ಆವೃತ್ತಿ ಮೊದ್ಲೇ ಇಟ್ಕೊಂಡಿರಿ.

ನೆಲದ ಮೇಲೇ ಕೂರ್ಬೇಕು ಅನ್ನೋ ಹಟ ಬೇಡ. ಮಂಡಿ ಮೇಲೆದ್ದು ನಿಂತಿದ್ರೆ ಸೊಂಟದ ಕೆಳಗೆ ದಪ್ಪ ದಿಂಬೋ ಮಡಚಿದ ಜಮಖಾನವೋ ಹಾಕಿ, ಮಂಡಿ ಸೊಂಟಕ್ಕಿಂತ ಕೆಳಗೆ ಬರ್ಬೇಕು, ಆಗ ಬೆನ್ನು ತಾನೇ ನೇರ ಆಗುತ್ತೆ. ಅದೂ ಆಗದಿದ್ರೆ ಕುರ್ಚಿ, ಎರಡೂ ಪಾದ ನೆಲಕ್ಕೆ ಮುಟ್ಟಿರಲಿ. ವಿಪಶ್ಯನ ಕೇಂದ್ರದಲ್ಲೂ ನಿಜವಾಗಿ ಬೇಕಾದೋರಿಗೆ ಕುರ್ಚಿ ಕೊಡ್ತಾರೆ.

ಇವ್ರು ಸ್ವಲ್ಪ ನಿಲ್ಲಿ

ಡಿಪ್ರೆಷನ್, ಬೈಪೋಲಾರ್, ಸ್ಕಿಜೋಫ್ರೇನಿಯಾ ಇದ್ದೋರು, ಹಿಂದೆ ಇದ್ದು ಈಗ ಚೆನ್ನಾಗಿರೋರು, ಇತ್ತೀಚೆಗೆ ಮನೇಲಿ ಯಾರನ್ನೋ ಕಳ್ಕೊಂಡು ನಿದ್ದೆ ಇಲ್ಲದೋರು, ಹತ್ತು ದಿನದ ಮೌನ ಶಿಬಿರಕ್ಕೆ ಸೀದಾ ಹೋಗ್ಬೇಡಿ. ಅರ್ಜಿ ಫಾರಂನಲ್ಲಿ ಈ ಪ್ರಶ್ನೆ ಇರುತ್ತೆ, ಸೀಟು ಸಿಗಲ್ಲ ಅಂತ ಮುಚ್ಚಿಡೋರು ಇದ್ದಾರೆ, ದಯವಿಟ್ಟು ಮುಚ್ಚಿಡ್ಬೇಡಿ. ಅಷ್ಟು ಮೌನದಲ್ಲಿ ಒಳಗಿರೋದೆಲ್ಲ ಒಟ್ಟಿಗೆ ಮೇಲೆ ಬಂದ್ರೆ ಹಿಡಿಯೋಕೆ ಕಷ್ಟ ಆಗುತ್ತೆ. ಧ್ಯಾನ ಶುರು ಮಾಡಿದೀನಿ ಅಂತ ಮಾತ್ರೆ ನಿಲ್ಲಿಸೋದಂತೂ ಬೇಡವೇ ಬೇಡ, ಯಾವ ಗುರು ಹೇಳಿದ್ರೂ. ನಿಮ್ಮ ಡಾಕ್ಟರ್ ಹತ್ರ ಕೇಳಿ, ರಾತ್ರಿ ಹೊತ್ತು ಯಾರೂ ಸಿಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲಿ ಮಾತಾಡ್ತಾರೆ. ಇಂಥ ಸಮಯದಲ್ಲಿ ಕಣ್ಣು ಬಿಟ್ಕೊಂಡು ಹತ್ತು ನಿಮಿಷ, ಅಥವಾ ಜಪ, ಅಥವಾ ಮನೆ ಮುಂದೆ ನಿಧಾನವಾಗಿ ಹೆಜ್ಜೆ ಗಮನಿಸ್ತಾ ನಡೆಯೋದು, ಅದೂ ಮನೇಲಿ ಯಾರಾದ್ರೂ ಇದ್ದಾಗ, ಇಷ್ಟು ಸಾಕು.

ಬದಲಾಯಿಸೋದು ಯಾವಾಗ

ಆರಿಸಿದ್ದನ್ನ ಕನಿಷ್ಠ ಒಂದು ಮಂಡಲ ಬದಲಾಯಿಸದೆ ಮಾಡಿ, ಆ ಕಡೆ ಈ ಕಡೆ ವಿಡಿಯೋ ನೋಡಿ ಬೆರೆಸ್ಬೇಡಿ. ಬೋರ್ ಆಗ್ತಿದೆ, ಅನುಭವ ಏನೂ ಆಗ್ತಿಲ್ಲ ಅನ್ನೋದು ಬದಲಾಯಿಸೋಕೆ ಕಾರಣ ಅಲ್ಲ, ಎಲ್ಲಾ ದಾರೀಲೂ ಆ ಜಾಗ ಬರುತ್ತೆ. ಮೈಗೆ ತೊಂದ್ರೆ ಕೊಡ್ತಿದೆ, ಮನೆಯೋರ ಜೊತೆ ದಿನಾ ಜಗಳಕ್ಕೆ ಕಾರಣ ಆಗ್ತಿದೆ, ಕಲಿಸಿದೋರು ದುಡ್ಡಿಗೋ ಸೇವೆಗೋ ಮತ್ತೆ ಮತ್ತೆ ಪೀಡಿಸ್ತಾರೆ, ಇವು ಕಾರಣ, ಇವು ಕಂಡ ದಿನವೇ ಬಿಡಿ.

ಇನ್ನು ಫೀಸ್ ಇರೋ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಫೋನ್ ಮಾಡಿ ಒಂದು ಮಾತು ಕೇಳಿ, ಕೋರ್ಸ್ ಮುಗಿದ್ಮೇಲೆ ನಮ್ಮೂರಲ್ಲಿ ಎಲ್ಲಿ ಸೇರ್ತೀರಿ, ಯಾವ ವಾರ, ಎಷ್ಟೊತ್ತಿಗೆ. ಹೊಸಬರನ್ನ ಒಳಗೆ ಬಿಡಲ್ಲ ಅಂದ್ರೂ ಪರವಾಗಿಲ್ಲ, ಅದು ಮುಗಿಯೋ ಹೊತ್ತಿಗೆ ಹೋಗಿ ಗೇಟ್ ಹತ್ರ ನಿಂತು ಆಚೆ ಬರೋರನ್ನ ಮಾತಾಡಿಸಿ. ನಿಮ್ಮ ಥರದ್ದೇ ಕೆಲಸ, ನಿಮ್ಮ ಥರದ್ದೇ ಮನೆ ಇರೋರು ಯಾರಾದ್ರೂ ಸಿಕ್ರೆ, ಬೆಳಿಗ್ಗೆ ಎಷ್ಟೊತ್ತಿಗೆ ಕೂರ್ತೀರಿ, ಆಗ ಮಕ್ಕಳನ್ನ ಯಾರು ನೋಡ್ಕೋತಾರೆ ಅಂತ ಕೇಳಿ. ನಿಮ್ಮೂರಲ್ಲಿ ಸೇರೋ ಜಾಗನೇ ಇಲ್ಲ ಅಂದ್ರೆ ಆ ದುಡ್ಡು ಸದ್ಯಕ್ಕೆ ಕೈಲೇ ಇರಲಿ.